ಕೊನೆಯ ಸ್ಥಾನದ ಲೆಕ್ಕ: ಭೂತಾನ್ ಫುಟ್‌ಬಾಲ್ ತಂಡ, ಒಂದು ಪ್ರಕರಣ ಅಧ್ಯಯನ

2015ರ ಮಾರ್ಚ್ ತಿಂಗಳು ಶುರುವಾದಾಗ ಫಿಫಾ ರ‍್ಯಾಂಕಿಂಗ್ ಪಟ್ಟಿಯಲ್ಲಿ ಭೂತಾನ್ 209ನೇ ಸ್ಥಾನದಲ್ಲಿತ್ತು. ಅದರ ಕೆಳಗೆ ಯಾವ ದೇಶವೂ ಇರಲಿಲ್ಲ. ಎರಡು ಪಂದ್ಯಗಳು ಮುಗಿದ ನಂತರ, ಏಪ್ರಿಲ್‌ನಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಅದೇ ತಂಡ 46 ಸ್ಥಾನ ಮೇಲೇರಿ 163ನೇ ಸ್ಥಾನಕ್ಕೆ ಬಂದಿತ್ತು. ಒಂದು ತಿಂಗಳೊಳಗೆ ಯಾವ ತಂಡದ ಆಟವೂ ಅಷ್ಟು ಬದಲಾಗುವುದಿಲ್ಲ. ಹಾಗಾದರೆ ಪಟ್ಟಿಯ ಕೊನೆಯ ಸ್ಥಾನ ಏನನ್ನು ಅಳೆಯುತ್ತಿತ್ತು ಎಂಬ ಪ್ರಶ್ನೆ ಏಳುತ್ತದೆ, ಈ ಅಧ್ಯಯನ ಹೊರಟಿರುವುದೂ ಅಲ್ಲಿಂದಲೇ. ಭೂತಾನ್ ತಂಡದ ಸುಮಾರು ಕಾಲು ಶತಮಾನದ ಫಲಿತಾಂಶಗಳನ್ನು ಪಂದ್ಯ ನಡೆದ ಊರಿನೊಂದಿಗೆ ಸೇರಿಸಿ ಓದಿದರೆ, ಆ ತಂಡದ ದುರ್ಬಲತೆಯ ದೊಡ್ಡ ಭಾಗ ಎರಡು ಸಂಗತಿಗಳಿಂದ ಬಂದದ್ದು ಕಾಣುತ್ತದೆ: ಅದಕ್ಕೆ ಪಂದ್ಯಗಳೇ ಸಿಗುತ್ತಿರಲಿಲ್ಲ, ಸಿಕ್ಕಾಗ ಅವು ಬಹುಪಾಲು ಪರರ ನೆಲದಲ್ಲಿ ನಡೆಯುತ್ತಿದ್ದವು. ಆಟಗಾರರ ಕೌಶಲದ ಮಿತಿ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಅದು ಇತ್ತು, ಈಗಲೂ ಇದೆ. ಆದರೆ ಪಟ್ಟಿಯಲ್ಲಿನ ಸಂಖ್ಯೆಯನ್ನೇ ಕೌಶಲದ ಅಳತೆಯೆಂದು ನಂಬಿದವರು ಆ ತಂಡಕ್ಕೆ ಅನ್ಯಾಯ ಮಾಡಿದ್ದಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಿನ್ನೆಲೆ

2017ರ ಜನಗಣತಿಯ ಪ್ರಕಾರ ಭೂತಾನ್‌ನ ಜನಸಂಖ್ಯೆ 7.27 ಲಕ್ಷ. ಅಲ್ಲಿನ ರಾಷ್ಟ್ರೀಯ ಕ್ರೀಡೆ ಬಿಲ್ಲುಗಾರಿಕೆ. ರಾಜಧಾನಿ ಥಿಂಪುವಿನ ಚಾಂಗ್ಲಿಮಿಥಾಂಗ್ ಕ್ರೀಡಾಂಗಣದ ಮಗ್ಗುಲಲ್ಲೇ ಬಿಲ್ಲುಗಾರರ ಮೈದಾನವಿದೆ. ಆ ಜಾಗಕ್ಕೆ ಫುಟ್‌ಬಾಲ್‌ಗಿಂತ ಹಳೆಯದಾದ ಚರಿತ್ರೆಯೊಂದಿದೆ. ಮುಂದೆ ದೇಶದ ಮೊದಲ ದೊರೆಯಾದ ಉಗ್ಯೆನ್ ವಾಂಗ್‌ಚುಕ್ 1885ರಲ್ಲಿ ತನ್ನ ಎದುರಾಳಿಗಳನ್ನು ಮಣಿಸಿದ್ದು ಅದೇ ಬಯಲಿನಲ್ಲಿ. 1974ರಲ್ಲಿ ನಾಲ್ಕನೇ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಅವರ ಪಟ್ಟಾಭಿಷೇಕಕ್ಕೆಂದು ಅಲ್ಲಿ ಕ್ರೀಡಾಂಗಣ ಕಟ್ಟಲಾಯಿತು. ಸಮುದ್ರಮಟ್ಟದಿಂದ ಅದು ಸುಮಾರು 2,300 ಮೀಟರ್ ಎತ್ತರದಲ್ಲಿದೆ. ಈ ಅಂಕಿಯನ್ನು ಓದುಗರು ನೆನಪಿನಲ್ಲಿಡಬೇಕು, ಏಕೆಂದರೆ ಮುಂದಿನ ವಾದದ ಅರ್ಧ ಭಾಗ ಅದರ ಮೇಲೆ ನಿಂತಿದೆ.

ಭೂತಾನ್ ಫುಟ್‌ಬಾಲ್ ಫೆಡರೇಷನ್ ಸ್ಥಾಪನೆಯಾದದ್ದು 1983ರಲ್ಲಿ. 1980ರ ದಶಕದಲ್ಲಿ ತಂಡ ದಕ್ಷಿಣ ಏಷ್ಯಾ ಕ್ರೀಡಾಕೂಟಗಳಲ್ಲಿ ಆಡಿತು, ಸೋತಿತು, ಬಳಿಕ ಸುಮಾರು ಒಂದು ದಶಕ ಅಂತರರಾಷ್ಟ್ರೀಯ ಕಣದಿಂದಲೇ ಮರೆಯಾಯಿತು. ದೇಶದಲ್ಲಿ ದೂರದರ್ಶನಕ್ಕೆ ಅನುಮತಿ ಸಿಕ್ಕಿದ್ದೇ 1999ರ ಜೂನ್‌ನಲ್ಲಿ. ಅದಕ್ಕೂ ಹಿಂದಿನ ವರ್ಷ ಥಿಂಪುವಿನಲ್ಲಿ ದೊಡ್ಡ ಪರದೆ ಕಟ್ಟಿ ವಿಶ್ವಕಪ್ ಫೈನಲ್ ತೋರಿಸಲಾಗಿತ್ತು. ಜನ ಅದಕ್ಕೆ ತೋರಿದ ಉತ್ಸಾಹವೂ ಆ ಅನುಮತಿಗೆ ದಾರಿ ಮಾಡಿಕೊಟ್ಟಿತೆಂದು ಹೇಳುತ್ತಾರೆ. ಫಿಫಾ ಸದಸ್ಯತ್ವ ದೊರೆತದ್ದು 2000ದಲ್ಲಿ. ಅಂದರೆ ಉಳಿದ ದೇಶಗಳು ತಲೆಮಾರುಗಳಿಂದ ನೋಡಿ, ಆಡಿ, ಕಲಿತಿದ್ದನ್ನು ಇಲ್ಲಿನ ಹುಡುಗರು ಇಪ್ಪತ್ತೊಂದನೇ ಶತಮಾನದ ಹೊಸ್ತಿಲಲ್ಲಿ ಶುರು ಮಾಡಬೇಕಾಯಿತು.

ಇಪ್ಪತ್ತು ಗೋಲುಗಳಿಂದ ಮೊದಲ ಗೆಲುವಿನವರೆಗೆ

2000ದ ಫೆಬ್ರುವರಿ 14ರಂದು ಕುವೈತ್ ನಗರದಲ್ಲಿ ನಡೆದ ಏಷ್ಯನ್ ಕಪ್ ಅರ್ಹತಾ ಪಂದ್ಯದಲ್ಲಿ ಕುವೈತ್ 20–0 ಗೋಲುಗಳಿಂದ ಭೂತಾನ್ ತಂಡವನ್ನು ಸೋಲಿಸಿತು. ಅಂತರರಾಷ್ಟ್ರೀಯ ಫುಟ್‌ಬಾಲ್‌ನಲ್ಲಿ ಅದು ಆಗಿನ ಮಟ್ಟಿಗೆ ಅತಿ ದೊಡ್ಡ ಅಂತರದ ಗೆಲುವಾಗಿತ್ತು. ಮರುವರ್ಷ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾ ಮೊದಲು ಟೊಂಗಾ ವಿರುದ್ಧ 22, ಎರಡು ದಿನ ಬಿಟ್ಟು ಅಮೆರಿಕನ್ ಸಮೋವಾ ವಿರುದ್ಧ 31 ಗೋಲು ಹೊಡೆದ ಮೇಲೆ ಆ ದಾಖಲೆ ಭೂತಾನ್‌ನ ತಲೆಯ ಮೇಲಿಂದ ಇಳಿಯಿತು. ಕುವೈತ್‌ನ ಅದೇ ಅರ್ಹತಾ ಕೂಟದಲ್ಲಿ ಯೆಮನ್ ಕೂಡ 11–2ರಿಂದ ಗೆದ್ದಿತು. ಆ ಎರಡು ಗೋಲುಗಳನ್ನು ಯಾರೂ ನೆನಪಿಟ್ಟುಕೊಂಡಿಲ್ಲ. ಆದರೆ ವರ್ಷಗಟ್ಟಲೆ ಆಡದೆ ಉಳಿದಿದ್ದ, ಎತ್ತರದ ತಂಪು ಕಣಿವೆಯಿಂದ ಮರುಭೂಮಿಯ ನಗರಕ್ಕೆ ಇಳಿದ ತಂಡವೊಂದು ಅಂಥ ಕೂಟದಲ್ಲಿ ಎರಡು ಸಲ ಚೆಂಡನ್ನು ಗುರಿ ಸೇರಿಸಿತ್ತು ಎಂಬುದನ್ನು ದಾಖಲಿಸುವುದು ನ್ಯಾಯ.

2002ರ ಜೂನ್ 30ರಂದು ಜಪಾನಿನ ಯೊಕೊಹಾಮಾದಲ್ಲಿ ಬ್ರೆಜಿಲ್ ಮತ್ತು ಜರ್ಮನಿ ವಿಶ್ವಕಪ್ ಫೈನಲ್ ಆಡಿದವು. ಅದೇ ದಿನ ಚಾಂಗ್ಲಿಮಿಥಾಂಗ್‌ನಲ್ಲಿ ಪಟ್ಟಿಯ ಕೊನೆಯ ಎರಡು ತಂಡಗಳು ಮುಖಾಮುಖಿಯಾದವು: 202ನೇ ಸ್ಥಾನದ ಭೂತಾನ್ ಮತ್ತು 203ನೇ ಸ್ಥಾನದ ಮಾಂಟ್‌ಸೆರಾಟ್. ಆ ಬಾರಿ ವಿಶ್ವಕಪ್‌ಗೆ ಅರ್ಹತೆ ಪಡೆಯದ ನೆದರ್ಲೆಂಡ್ಸ್‌ನ ಚಿತ್ರನಿರ್ಮಾಪಕರೊಬ್ಬರಿಗೆ ಹೊಳೆದ ಯೋಜನೆ ಅದು. ಕೆರಿಬಿಯನ್ ದ್ವೀಪವಾದ ಮಾಂಟ್‌ಸೆರಾಟ್‌ನ ರಾಜಧಾನಿ ಪ್ಲಿಮತ್ 1995ರಿಂದ ಶುರುವಾದ ಜ್ವಾಲಾಮುಖಿಯ ಬೂದಿಯಡಿ ಹೂತುಹೋಗಿತ್ತು. ಅಲ್ಲಿನ ಆಟಗಾರರು ಹಲವು ವಿಮಾನ ಬದಲಿಸಿ, ದಾರಿಯಲ್ಲಿ ಕಾಯಿಲೆ ಬಿದ್ದು, ಬಸವಳಿದು ಥಿಂಪು ತಲುಪಿದ್ದರು. ಐದನೇ ನಿಮಿಷದಲ್ಲೇ ವಾಂಗ್ಯೆ ದೋರ್ಜಿ ತಲೆಯಿಂದ ಚೆಂಡನ್ನು ಬಲೆಗೆ ಕಳಿಸಿದರು. ಅನಂತರ ಬಹಳ ಹೊತ್ತು ಗೋಲು ಬರಲಿಲ್ಲ. ದ್ವಿತೀಯಾರ್ಧದಲ್ಲಿ ದಿನೇಶ್ ಛೆಟ್ರಿ ಒಂದು, ದೋರ್ಜಿ ಇನ್ನೆರಡು ಗೋಲು ಸೇರಿಸಿ 4–0ರಿಂದ ಗೆಲ್ಲಿಸಿದರು. ಭೂತಾನ್‌ಗೆ ಅದು ಮೊತ್ತಮೊದಲ ಅಂತರರಾಷ್ಟ್ರೀಯ ಗೆಲುವು. ಟ್ರೋಫಿಯನ್ನು ಎರಡು ಹೋಳಾಗಿ ಬಿಡಿಸುವಂತೆ ರೂಪಿಸಲಾಗಿತ್ತು. ಒಂದು ಹೋಳು ಭೂತಾನ್‌ನಲ್ಲಿ ಉಳಿಯಿತು, ಇನ್ನೊಂದು ಮಾಂಟ್‌ಸೆರಾಟ್‌ಗೆ ಹೋಯಿತು.

ಜಗತ್ತು ಆ ಪಂದ್ಯವನ್ನು ಒಂದು ಸುಂದರ ಕಥೆಯಾಗಿ ನೋಡಿ ಮರೆಯಿತು. ಆದರೆ ಅದರ ಹಿಂದೆಯೇ ಬಂದ ಫಲಿತಾಂಶ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. 2003ರ ಏಪ್ರಿಲ್‌ನಲ್ಲಿ ಏಷ್ಯನ್ ಕಪ್ ಅರ್ಹತಾ ಸುತ್ತಿನ ಪ್ರಾಥಮಿಕ ಗುಂಪಿನ ಪಂದ್ಯಗಳು ಥಿಂಪುವಿನಲ್ಲೇ ನಡೆದಾಗ ಭೂತಾನ್ ತಂಡ ಗುವಾಮ್ ವಿರುದ್ಧ 6–0ರಿಂದ ಗೆದ್ದು, ಮಂಗೋಲಿಯಾ ವಿರುದ್ಧ ಗೋಲಿಲ್ಲದೆ ಡ್ರಾ ಮಾಡಿಕೊಂಡು ಮುಂದಿನ ಹಂತಕ್ಕೇರಿತು. ಇದು ಪ್ರದರ್ಶನ ಪಂದ್ಯವಲ್ಲ, ಅಧಿಕೃತ ಸ್ಪರ್ಧೆ. ಅದೇ ವರ್ಷ ಮುಂದಿನ ಹಂತದ ಪಂದ್ಯಗಳು ಸೌದಿ ಅರೇಬಿಯದಲ್ಲಿ ನಡೆದವು. ಸೌದಿ, ಯೆಮನ್, ಇಂಡೊನೇಷ್ಯಾ ವಿರುದ್ಧ ಆರು ಪಂದ್ಯಗಳಾಡಿದ ಭೂತಾನ್ ಆರನ್ನೂ ಸೋತಿತು; ಒಂದು ಗೋಲೂ ದಕ್ಕಲಿಲ್ಲ. ಎದುರಾಳಿಗಳು ಬಲಿಷ್ಠರಾಗಿದ್ದರು ಎಂಬುದು ನಿಜವೇ. ಆದರೆ ಥಿಂಪುವಿನಲ್ಲಿ ಒಂದು ಪಂದ್ಯವನ್ನಾದರೂ ಆಡುವ ಅವಕಾಶ ಆ ಹಂತದಲ್ಲಿ ತಂಡಕ್ಕೆ ಸಿಗಲಿಲ್ಲ ಎಂಬುದೂ ಅಷ್ಟೇ ನಿಜ.

ಪಟ್ಟಿಯ ಗಣಿತ

2006ರಿಂದ 2018ರವರೆಗೆ ಜಾರಿಯಲ್ಲಿದ್ದ ಫಿಫಾ ಲೆಕ್ಕಾಚಾರವನ್ನು ಅರ್ಥಮಾಡಿಕೊಳ್ಳದೆ 209ನೇ ಸ್ಥಾನ ಅರ್ಥವಾಗದು. ಗೆಲುವಿಗೆ 3, ಡ್ರಾಗೆ 1, ಸೋಲಿಗೆ 0 ಅಂಕ. ಆ ಅಂಕವನ್ನು ಪಂದ್ಯದ ಮಹತ್ವ, ಎದುರಾಳಿಯ ಸ್ಥಾನ ಮತ್ತು ಖಂಡದ ಬಲ, ಈ ಮೂರು ಗುಣಕಗಳಿಂದ ಗುಣಿಸುತ್ತಿದ್ದರು. ಸೌಹಾರ್ದ ಪಂದ್ಯದ ಮಹತ್ವ 1 ಆದರೆ ವಿಶ್ವಕಪ್ ಅರ್ಹತಾ ಪಂದ್ಯದ್ದು 2.5. ಹೀಗೆ ಬಂದ ಅಂಕಗಳ ಸರಾಸರಿಯನ್ನು ನಾಲ್ಕು ವರ್ಷಗಳಿಗೆ ಹಂಚಿ, ಇತ್ತೀಚಿನ ವರ್ಷಕ್ಕೆ ಪೂರ್ಣ ತೂಕ, ಹಿಂದಿನವಕ್ಕೆ ಕ್ರಮವಾಗಿ ಶೇ 50, 30 ಮತ್ತು 20ರ ತೂಕ ಕೊಡುತ್ತಿದ್ದರು. ವರ್ಷಕ್ಕೆ ಐದಕ್ಕಿಂತ ಕಡಿಮೆ ಪಂದ್ಯ ಆಡಿದ ತಂಡಕ್ಕೆ ಪೂರ್ಣ ಸರಾಸರಿ ಸಿಗುತ್ತಿರಲಿಲ್ಲ.

ಸೊನ್ನೆಯನ್ನು ಯಾವ ಗುಣಕದಿಂದ ಗುಣಿಸಿದರೂ ಸೊನ್ನೆಯೇ. ಆದ್ದರಿಂದ 1–0ರ ಸೋಲಿಗೂ 15–0ರ ಸೋಲಿಗೂ ಈ ಲೆಕ್ಕದಲ್ಲಿ ಭೇದವಿಲ್ಲ. ಪಂದ್ಯ ತವರಿನಲ್ಲಿ ನಡೆಯಿತೋ ಪರದೇಶದಲ್ಲಿ ನಡೆಯಿತೋ ಎಂಬುದನ್ನು ಲೆಕ್ಕ ಕೇಳುವುದೇ ಇಲ್ಲ. ನಾಲ್ಕು ವರ್ಷಕ್ಕೆ ಹಿಂದಿನ ಗೆಲುವುಗಳು ಅಳಿಸಿಹೋಗುತ್ತವೆ. ಭೂತಾನ್‌ನ ಮಟ್ಟಿಗೆ ಈ ಕೊನೆಯ ನಿಯಮ ದೊಡ್ಡ ಹೊಡೆತ ಕೊಟ್ಟಿತು. ದಕ್ಷಿಣ ಏಷ್ಯಾದ ದೇಶಗಳ ನಡುವಿನ ಕೂಟವಾದ ಸ್ಯಾಫ್ ಚಾಂಪಿಯನ್‌ಷಿಪ್‌ನಲ್ಲಿ 2008ರಲ್ಲಿ ತಂಡ ಅಫ್ಗಾನಿಸ್ತಾನವನ್ನು ಸೋಲಿಸಿ, ಬಾಂಗ್ಲಾದೇಶದ ಜೊತೆ ಡ್ರಾ ಮಾಡಿಕೊಂಡು ಸೆಮಿಫೈನಲ್ ತಲುಪಿತ್ತು. ಅಲ್ಲಿ ಭಾರತದ ವಿರುದ್ಧ ಮೊದಲು ಗೋಲು ಹೊಡೆದದ್ದು ಭೂತಾನ್. ಸುನಿಲ್ ಛೆಟ್ರಿ ಸಮ ಮಾಡಿದರು. ಹೆಚ್ಚುವರಿ ಅವಧಿಯ ಕೊನೆಗಳಿಗೆಯಲ್ಲಿ ಗೌರ್‌ಮಾಂಗಿ ಸಿಂಗ್ ಗೋಲು ಗಳಿಸಿದ ಮೇಲಷ್ಟೇ ಭಾರತ 2–1ರಿಂದ ಫೈನಲ್‌ಗೆ ಹೋಯಿತು. ಭೂತಾನ್ ಫುಟ್‌ಬಾಲ್ ಎಂದರೆ ಇಪ್ಪತ್ತು ಗೋಲಿನ ಸೋಲು ಎಂದಷ್ಟೇ ತಿಳಿದವರು ಈ ಪಂದ್ಯವನ್ನು ನೋಡಿರಲಿಕ್ಕಿಲ್ಲ. 2015ರ ಹೊತ್ತಿಗೆ ಪಟ್ಟಿಗೂ ಅದು ನೆನಪಿರಲಿಲ್ಲ.

ಇದರ ಜೊತೆಗೆ, ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಭೂತಾನ್ ಅದುವರೆಗೆ ಒಮ್ಮೆಯೂ ಆಡಿರಲಿಲ್ಲ. 2010ರ ವಿಶ್ವಕಪ್‌ನ ಅರ್ಹತಾ ಸುತ್ತಿಗೆ ಹೆಸರು ನೋಂದಾಯಿಸಿ, ಎದುರಾಳಿಯನ್ನು ನಿರ್ಧರಿಸುವ ಚೀಟಿಯಲ್ಲಿ ಮತ್ತೆ ಕುವೈತ್ ಎದುರಾಳಿಯಾಗಿ ಬಂದಾಗ ಹಿಂದೆ ಸರಿದಿತ್ತು. 2014ರದಕ್ಕೆ ಪ್ರವೇಶವನ್ನೇ ಪಡೆಯಲಿಲ್ಲ. ಹೆಚ್ಚು ಗುಣಕವಿರುವ ಪಂದ್ಯಗಳಿಂದ ದೂರ ಉಳಿದ ತಂಡಕ್ಕೆ ಎರಡು ವರ್ಷಕ್ಕೊಮ್ಮೆ ಬರುವ ಸ್ಯಾಫ್ ಕೂಟವೇ ಮುಖ್ಯ ಆಸರೆಯಾಗಿತ್ತು, ಅದೂ ಬೇರೆ ದೇಶಗಳಲ್ಲಿ. 2013ರ ಕಠ್ಮಂಡು ಕೂಟದಲ್ಲಿ ಮಾಲ್ದೀವ್ಸ್ 8–2ರಿಂದ, ಶ್ರೀಲಂಕಾ 5–2ರಿಂದ, ಅಫ್ಗಾನಿಸ್ತಾನ 3–0ಯಿಂದ ಗೆದ್ದವು. ಕೊನೆಯ ಸ್ಥಾನ ತಯಾರಾದದ್ದು ಹೀಗೆ.

ಮಾರ್ಚ್ 2015

ರಷ್ಯಾದಲ್ಲಿ ನಡೆಯಲಿದ್ದ 2018ರ ವಿಶ್ವಕಪ್‌ನ ಏಷ್ಯಾ ಅರ್ಹತಾ ಸ್ಪರ್ಧೆ ಖಂಡದ ಅತಿ ಕೆಳಗಿನ 12 ತಂಡಗಳ ನಡುವಿನ ಎರಡು ಚರಣಗಳ (ತವರಿನಲ್ಲೊಂದು, ಎದುರಾಳಿಯ ನೆಲದಲ್ಲೊಂದು ಪಂದ್ಯದ) ಸುತ್ತಿನಿಂದ ಶುರುವಾಯಿತು. ಭೂತಾನ್‌ಗೆ ಎದುರಾಳಿಯಾಗಿ ಬಂದದ್ದು 174ನೇ ಸ್ಥಾನದಲ್ಲಿದ್ದ ಶ್ರೀಲಂಕಾ. ತಂಡದ ಹೊಣೆ ಹೊತ್ತವರು ಸ್ಥಳೀಯ ತರಬೇತುದಾರ ಚೋಕಿ ನಿಮಾ. ನಾಯಕ ಕರ್ಮಾ ಶೆದ್ರುಪ್ ತ್ಸೆರಿಂಗ್ ವೃತ್ತಿಯಿಂದ ಡ್ರುಕ್ ಏರ್ ವಿಮಾನ ಸಂಸ್ಥೆಯ ಪೈಲಟ್. ಹಗಲು ಬೆಳಕಿನಲ್ಲಿ, ಬೆಟ್ಟಗಳ ನಡುವೆ ಕಣ್ಣಳತೆಯಿಂದಲೇ ವಿಮಾನ ಇಳಿಸಬೇಕಾದ ಪಾರೋ ನಿಲ್ದಾಣಕ್ಕೆ ಅನುಮತಿ ಪಡೆದ ಪೈಲಟ್‌ಗಳು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಅಂಥ ಸಂಸ್ಥೆಯ ಕೆಲಸದ ನಡುವೆ ಬಿಡುವು ಮಾಡಿಕೊಂಡು ಅವರು ತಂಡದ ರಕ್ಷಣಾ ವಿಭಾಗ ಕಾಯುತ್ತಿದ್ದರು. ಉಳಿದವರಲ್ಲಿ ವಿದ್ಯಾರ್ಥಿಗಳಿದ್ದರು, ನೌಕರಿಯಲ್ಲಿದ್ದವರಿದ್ದರು. ಫುಟ್‌ಬಾಲನ್ನೇ ಜೀವನೋಪಾಯ ಮಾಡಿಕೊಳ್ಳಲು ಹೊರಟಿದ್ದ ಹುಡುಗ ಎಂದರೆ ಮುಂಚೂಣಿ ಆಟಗಾರ ಚೆಂಚೊ ಗ್ಯೆಲ್ಟ್‌ಶೆನ್.

ಮೊದಲ ಚರಣ ಮಾರ್ಚ್ 12ರಂದು ಕೊಲಂಬೊದ ಸುಗತದಾಸ ಕ್ರೀಡಾಂಗಣದಲ್ಲಿ ನಡೆಯಿತು. 84ನೇ ನಿಮಿಷದವರೆಗೆ ಗೋಲು ಬರಲಿಲ್ಲ. ಆಗ ತ್ಸೆರಿಂಗ್ ದೋರ್ಜಿ ಹೊಡೆದ ಗೋಲಿನಿಂದ ಭೂತಾನ್ 1–0ಯಿಂದ ಗೆದ್ದಿತು. ಈ ಬರಹದಲ್ಲಿ ನಾನು ತವರಿನ ಅಂಗಣಕ್ಕೆ ಕೊಡುತ್ತಿರುವ ಒತ್ತಿಗೆ ಈ ಗೆಲುವು ಎದುರು ನಿಲ್ಲುತ್ತದೆ, ಅದನ್ನು ಮರೆಮಾಚಬಾರದು. ಸಮುದ್ರಮಟ್ಟದ ಊರಿನಲ್ಲಿ, ಸೆಕೆಯಲ್ಲಿ, ಪರರ ಪ್ರೇಕ್ಷಕರ ಮುಂದೆ ಭೂತಾನ್ ತನಗಿಂತ 35 ಸ್ಥಾನ ಮೇಲಿದ್ದ ತಂಡವನ್ನು ಸೋಲಿಸಿತು. ಸಮಾನ ಅನುಭವದ, ಸಮಾನ ಸೌಲಭ್ಯದ ಎದುರಾಳಿ ಸಿಕ್ಕರೆ ತಂಡ ಎಲ್ಲಿ ಬೇಕಾದರೂ ನಿಲ್ಲಬಲ್ಲದು ಎಂಬುದನ್ನು ಆ ಸಂಜೆ ತೋರಿಸಿತು.

ಐದು ದಿನಗಳ ನಂತರ ಥಿಂಪುವಿನಲ್ಲಿ ಎರಡನೇ ಚರಣ. ಸರ್ಕಾರಿ ನೌಕರರಿಗೂ ವಿದ್ಯಾರ್ಥಿಗಳಿಗೂ ಅರ್ಧ ದಿನ ರಜೆ ಘೋಷಿಸಲಾಯಿತು. ಚೆಂಚೊ ಐದನೇ ನಿಮಿಷದಲ್ಲೇ ಗೋಲು ಹೊಡೆದರು. ವಿರಾಮಕ್ಕೆ ಮುನ್ನ ಶ್ರೀಲಂಕಾ ಸಮ ಮಾಡಿದಾಗ ಲೆಕ್ಕ ಬಿಗಿಯಾಯಿತು. ಶ್ರೀಲಂಕಾ ಇನ್ನೊಂದು ಗೋಲು ಗಳಿಸಿದ್ದರೆ ಎರಡೂ ಚರಣ ಸೇರಿ 2–2 ಆಗುತ್ತಿತ್ತು, ಎದುರಾಳಿ ಅಂಗಣದಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆಯಿದ್ದ ಆಗಿನ ನಿಯಮದಂತೆ ಶ್ರೀಲಂಕಾ ಮುಂದೆ ಹೋಗುತ್ತಿತ್ತು. ದ್ವಿತೀಯಾರ್ಧ ಪೂರ್ತಿ ಆ ಒಂದು ಗೋಲಿನ ಅಂತರದ ಮೇಲೆ ನಡೆಯಿತು. 90ನೇ ನಿಮಿಷದಲ್ಲಿ ಚೆಂಚೊ ಎರಡನೇ ಸಲ ಚೆಂಡನ್ನು ಗುರಿ ಸೇರಿಸಿದರು. ಅಂತಿಮ ಅಂತರ 2–1, ಒಟ್ಟು 3–1.

ಗೆದ್ದದ್ದಕ್ಕೆ ಸಿಕ್ಕ ಎಂಟು ಪಂದ್ಯ

ಆ ಗೆಲುವಿನ ನಿಜವಾದ ಬಹುಮಾನ 46 ಸ್ಥಾನಗಳ ಏರಿಕೆಯಲ್ಲ. ಎರಡನೇ ಸುತ್ತಿನಲ್ಲಿ ಕತಾರ್, ಚೀನಾ, ಹಾಂಗ್‌ಕಾಂಗ್, ಮಾಲ್ದೀವ್ಸ್ ಇದ್ದ ಗುಂಪಿನಲ್ಲಿ ತಂಡಕ್ಕೆ ಎಂಟು ಅಧಿಕೃತ ಪಂದ್ಯಗಳು ಖಚಿತವಾದವು, ಅದರಲ್ಲಿ ನಾಲ್ಕು ತವರಿನಲ್ಲಿ. ಎಂಟನ್ನೂ ಭೂತಾನ್ ಸೋತಿತು. ಗಳಿಸಿದ ಗೋಲು 5, ಬಿಟ್ಟುಕೊಟ್ಟದ್ದು 52. ಆಗ ಹಲವರು, ಇಂಥ ತಂಡಗಳನ್ನು ದೊಡ್ಡ ತಂಡಗಳ ಜೊತೆ ಆಡಿಸುವುದರಿಂದ ಯಾರಿಗೆ ಏನು ಲಾಭ ಎಂದು ಕೇಳಿದರು. ಆ 52 ಗೋಲುಗಳನ್ನು ಊರುಗಳ ಪ್ರಕಾರ ಬಿಡಿಸಿ ನೋಡಿದರೆ ಪ್ರಶ್ನೆಯ ಧಾಟಿಯೇ ಬದಲಾಗುತ್ತದೆ.

ಪರದೇಶದ ನಾಲ್ಕು ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು 38 ಗೋಲು, ಥಿಂಪುವಿನ ನಾಲ್ಕರಲ್ಲಿ 14. ಒಂದೊಂದೇ ಎದುರಾಳಿಯನ್ನು ತೆಗೆದುಕೊಳ್ಳೋಣ. ದೋಹಾದಲ್ಲಿ ಸೆಪ್ಟೆಂಬರ್ ತಿಂಗಳ ಬೇಗೆಯಲ್ಲಿ ಕತಾರ್ 15–0ಯಿಂದ ಗೆದ್ದಿತ್ತು; ನವೆಂಬರ್‌ನಲ್ಲಿ ಥಿಂಪುವಿಗೆ ಬಂದಾಗ ಗೆಲುವಿನ ಅಂತರ 3–0. ಇದೇ ಕತಾರ್ 2019ರಲ್ಲಿ ಜಪಾನ್ ತಂಡವನ್ನು ಮಣಿಸಿ ಏಷ್ಯನ್ ಚಾಂಪಿಯನ್ ಆಯಿತೆಂಬುದನ್ನು ಗಮನಿಸಬೇಕು. ಚೀನಾ ತನ್ನ ನೆಲದಲ್ಲಿ 12, ಥಿಂಪುವಿನಲ್ಲಿ 6 ಗೋಲು ಹೊಡೆಯಿತು. ಹಾಂಗ್‌ಕಾಂಗ್ ತವರಿನಲ್ಲಿ 7–0ಯಿಂದ ಗೆದ್ದರೆ, ಅಕ್ಟೋಬರ್‌ನಲ್ಲಿ ಚಾಂಗ್ಲಿಮಿಥಾಂಗ್‌ನಲ್ಲಿ ಅದಕ್ಕೆ ಒಂದೇ ಗೋಲು ದಕ್ಕಿತು, ಅದೂ ಪಂದ್ಯ ಮುಗಿಯುವ ಹೊತ್ತಿಗೆ. ಇದೇ ಹಾಂಗ್‌ಕಾಂಗ್ ಆ ಸುತ್ತಿನಲ್ಲಿ ಚೀನಾವನ್ನು ಎರಡೂ ಸಲ ಗೋಲಿಲ್ಲದ ಡ್ರಾಗೆ ಕಟ್ಟಿಹಾಕಿದ ತಂಡ. ಮಾಲ್ದೀವ್ಸ್ ಮಾತ್ರ ಈ ಲೆಕ್ಕಕ್ಕೆ ಒಗ್ಗುವುದಿಲ್ಲ. ಸಮುದ್ರಮಟ್ಟಕ್ಕಿಂತ ಒಂದೆರಡು ಮೀಟರಷ್ಟೇ ಎತ್ತರದ ದ್ವೀಪಗಳಿಂದ ಬಂದ ಆ ಆಟಗಾರರು ಥಿಂಪುವಿನಲ್ಲೂ 4–3ರಿಂದ ಗೆದ್ದು ಹೋದರು, ತಮ್ಮಲ್ಲಿ 4–2ರಿಂದ ಗೆದ್ದರು.

ಆ ಸುತ್ತಿನ ಒಂದು ನಿಯಮ ನನ್ನನ್ನು ಬಹಳವಾಗಿ ಕಾಡಿದೆ. ಫಿಫಾ ನಿಷೇಧದಿಂದಾಗಿ ಇಂಡೊನೇಷ್ಯಾ ಹೊರಬಿದ್ದು ಇನ್ನೊಂದು ಗುಂಪಿನಲ್ಲಿ ನಾಲ್ಕೇ ತಂಡಗಳು ಉಳಿದದ್ದರಿಂದ, ಎಲ್ಲ ಗುಂಪುಗಳ ಎರಡನೇ ಸ್ಥಾನದ ತಂಡಗಳನ್ನು ಹೋಲಿಸುವಾಗ ಕೊನೆಯ ಸ್ಥಾನದ ತಂಡದ ವಿರುದ್ಧದ ಫಲಿತಾಂಶಗಳನ್ನು ಕೈಬಿಡಲಾಯಿತು. ಹಾಗಾಗಿ ಚೀನಾ ಭೂತಾನ್ ವಿರುದ್ಧ ಹೊಡೆದ 18 ಗೋಲುಗಳು ಆ ಹೋಲಿಕೆಯಲ್ಲಿ ಲೆಕ್ಕಕ್ಕೇ ಬರಲಿಲ್ಲ. ಗಣಿತದ ದೃಷ್ಟಿಯಿಂದ ನಿಯಮ ಸರಿಯಾದದ್ದೇ. ಆದರೂ ಥಿಂಪುವಿನ ಹುಡುಗರು ಎಂಟು ಪಂದ್ಯಗಳಲ್ಲಿ ಸುರಿಸಿದ ಬೆವರು ಪಟ್ಟಿಯಲ್ಲೂ ಸೊನ್ನೆ, ಗುಂಪಿನ ಹೋಲಿಕೆಯಲ್ಲೂ ಸೊನ್ನೆ ಆಯಿತೆಂಬುದು ನೋವಿನ ಸಂಗತಿ.

ಸೊನ್ನೆ ಅಂಕದ ಆ ಎಂಟು ಪಂದ್ಯಗಳು ಕಲಿಸಿದ್ದು ಏನೆಂಬುದು ಮರುವರ್ಷ ಗೊತ್ತಾಯಿತು. 2016ರ ಸೆಪ್ಟೆಂಬರ್‌ನಲ್ಲಿ ಏಷ್ಯನ್ ಕಪ್ ಅರ್ಹತಾ ಪ್ಲೇಆಫ್‌ನಲ್ಲಿ ಭೂತಾನ್ ಢಾಕಾದಲ್ಲಿ ಬಾಂಗ್ಲಾದೇಶವನ್ನು 0–0ಗೆ ತಡೆಯಿತು. ಅಕ್ಟೋಬರ್‌ನಲ್ಲಿ ಥಿಂಪುವಿನಲ್ಲಿ 3–1ರಿಂದ ಗೆದ್ದಿತು. ಹದಿನೈದು ಕೋಟಿಗೂ ಹೆಚ್ಚು ಜನರಿರುವ ದೇಶದ ತಂಡ ಏಳು ಲಕ್ಷ ಜನರ ದೇಶದ ಎದುರು ಹೊರಬಿತ್ತು. ಆ ಸೋಲಿನ ನಂತರ ಬಾಂಗ್ಲಾದೇಶದ ತಂಡ ಸುಮಾರು ಒಂದೂವರೆ ವರ್ಷ ಅಂತರರಾಷ್ಟ್ರೀಯ ಪಂದ್ಯವನ್ನೇ ಆಡಲಿಲ್ಲ. ಎರಡು ಚರಣದ ಒಂದು ಸೋಲು ದೊಡ್ಡ ದೇಶದ ತಂಡವನ್ನೂ ಹೇಗೆ ಮೂಲೆಗೆ ತಳ್ಳಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ. ಮುಂದಿನ ಹಂತದಲ್ಲಿ ಭೂತಾನ್ ಮಸ್ಕತ್‌ನಲ್ಲಿ ಒಮಾನ್ ವಿರುದ್ಧ 14–0, ಪ್ಯಾಲೆಸ್ಟೀನ್‌ನಲ್ಲಿ 10–0 ಸೋಲುಂಡಿತು. ಅದೇ ಎರಡು ತಂಡಗಳು ಥಿಂಪುವಿಗೆ ಬಂದಾಗ ಅವುಗಳ ಗೋಲಿನ ಸಂಖ್ಯೆ ಎರಡಂಕಿಯ ಹತ್ತಿರವೂ ಸುಳಿಯಲಿಲ್ಲ.

ಎತ್ತರ ಎಷ್ಟು, ಅಭ್ಯಾಸ ಎಷ್ಟು

2,300 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು ಕಾಲು ಭಾಗ ಕಡಿಮೆ, ಉಸಿರಿಗೆ ಸಿಗುವ ಆಮ್ಲಜನಕವೂ ಅದೇ ಪ್ರಮಾಣದಲ್ಲಿ ಕಡಿಮೆ. ದಮ್ಮು ಕಟ್ಟಿ ಓಡಿದ ಆಟಗಾರ ಮತ್ತೆ ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕಾಗುತ್ತದೆ. ತೆಳುಗಾಳಿಯಲ್ಲಿ ಚೆಂಡು ವೇಗವಾಗಿ ಸಾಗುತ್ತದೆ, ಕಡಿಮೆ ಬಾಗುತ್ತದೆ. ಉದ್ದನೆಯ ಪಾಸ್ ಕೊಡುವವರ ಅಂದಾಜು ತಪ್ಪುತ್ತದೆ. ಚಾಂಗ್ಲಿಮಿಥಾಂಗ್‌ನ ಕೃತಕ ಹುಲ್ಲಿನ ಮೇಲೆ ಚೆಂಡಿನ ಪುಟಿತವೂ ಬೇರೆ. 2007ರಲ್ಲಿ ಫಿಫಾ 2,500 ಮೀಟರಿಗಿಂತ ಎತ್ತರದ ಊರುಗಳಲ್ಲಿ ಅಂತರರಾಷ್ಟ್ರೀಯ ಪಂದ್ಯಗಳನ್ನು ನಿರ್ಬಂಧಿಸಿ, ದಕ್ಷಿಣ ಅಮೆರಿಕದ ದೇಶಗಳ ವಿರೋಧದ ನಂತರ ಮೊದಲು ಮಿತಿಯನ್ನು ಸಡಿಲಿಸಿ, ಮರುವರ್ಷ ಕೈಬಿಟ್ಟಿತು. ಥಿಂಪು ಆ ಮೊದಲ ಮಿತಿಗಿಂತಲೂ ಕೆಳಗೇ ಇದೆ. ಆದ್ದರಿಂದ ಎತ್ತರವೊಂದನ್ನೇ ಕಾರಣವಾಗಿ ಹಿಡಿಯುವುದು ಸಾಲದು. ಮಾಲ್ದೀವ್ಸ್‌ನ ಗೆಲುವು ಇದನ್ನು ಚೆನ್ನಾಗಿ ಹೇಳುತ್ತದೆ.

ಎತ್ತರದಷ್ಟೇ ಮುಖ್ಯವಾದದ್ದು ಇನ್ನೊಂದು ದಿಕ್ಕಿನ ಪ್ರಯಾಣ. ಪಾರೋದಿಂದ ಹೊರಟ ತಂಡ ದೆಹಲಿ, ಕೋಲ್ಕತ್ತ ಅಥವಾ ಬ್ಯಾಂಕಾಕ್ ಮೂಲಕ ಹೋಗಿ, ಸೆಕೆಯ ಊರಿನಲ್ಲಿ ಇಳಿದು, ಒಗ್ಗಿಕೊಳ್ಳಲು ಸಮಯವಿಲ್ಲದೆ, ನುಣುಪಾದ ಸಹಜ ಹುಲ್ಲಿನ ಮೇಲೆ ವೃತ್ತಿಪರರ ವಿರುದ್ಧ ಆಡಬೇಕು. ಮೊದಲ ಅರ್ಧ ಗಂಟೆ ಹೇಗೋ ನಿಂತ ರಕ್ಷಣಾ ವಿಭಾಗ ಕೊನೆಯ ಅರ್ಧ ಗಂಟೆಯಲ್ಲಿ ಕುಸಿಯುವುದು ಕೌಶಲದ ಕೊರತೆಯಿಂದ ಮಾತ್ರವಲ್ಲ, ಆ ವೇಗದ ಪಂದ್ಯವನ್ನು ಆಡಿದ ಅಭ್ಯಾಸವಿಲ್ಲದ್ದರಿಂದಲೂ ಹೌದು. ಆ ಅಭ್ಯಾಸ ಹೇಗೆ ಬರುತ್ತದೆಂಬುದಕ್ಕೆ ಚೆಂಚೊ ಅವರ ಹಾದಿಯೇ ಸಾಕ್ಷಿ. ಅವರು ಥಾಯ್ಲೆಂಡ್, ಬಾಂಗ್ಲಾದೇಶಗಳ ಕ್ಲಬ್‌ಗಳಲ್ಲಿ ಆಡಿ, 2017–18ರಲ್ಲಿ ಭಾರತದ ಐ–ಲೀಗ್ ಗೆದ್ದ ಮಿನರ್ವಾ ಪಂಜಾಬ್ ತಂಡದ ಮುಂಚೂಣಿಯಲ್ಲಿದ್ದು, ಮರುಋತುವಿನಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಸೇರಿದರು; ಮುಂದೆ ಕೇರಳ ಬ್ಲಾಸ್ಟರ್ಸ್ ಪರವೂ ಆಡಿದರು. ಇಂಥವರು ತಂಡದಲ್ಲಿ ಒಬ್ಬರಿದ್ದುದು ಕೊಲಂಬೊ ಮತ್ತು ಥಿಂಪುವಿನ ಫಲಿತಾಂಶಗಳಿಗೆ ನೆರವಾಯಿತು. ಹತ್ತು ಮಂದಿ ಇದ್ದಿದ್ದರೆ ದೋಹಾದ ಅಂತರ ಬೇರೆಯಿರುತ್ತಿತ್ತು ಎಂಬುದು ನನ್ನ ಅಂದಾಜು.

2023ರ ಸ್ಯಾಫ್ ಚಾಂಪಿಯನ್‌ಷಿಪ್ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದಾಗ ಕರ್ನಾಟಕದ ಪ್ರೇಕ್ಷಕರಿಗೆ ಭೂತಾನ್ ತಂಡವನ್ನು ಕಣ್ಣಾರೆ ಕಾಣುವ ಅವಕಾಶ ಸಿಕ್ಕಿತು. ಮಾಲ್ದೀವ್ಸ್ ವಿರುದ್ಧ 2–0, ಲೆಬನಾನ್ ವಿರುದ್ಧ 4–1, ಬಾಂಗ್ಲಾದೇಶ ವಿರುದ್ಧ 3–1ರ ಸೋಲು. ಮೂರೂ ಸೋಲೇ. ಆದರೆ ಒಂದು ದಶಕದ ಹಿಂದೆ ಕಠ್ಮಂಡುವಿನಲ್ಲಿ ಮಾಲ್ದೀವ್ಸ್ ಎಂಟು ಗೋಲು ಹೊಡೆದಿತ್ತೆಂಬುದನ್ನು ಪಕ್ಕದಲ್ಲಿಟ್ಟು ಓದಬೇಕಾದ ಸೋಲುಗಳಿವು.

ಖಾಲಿ ಕ್ಯಾಲೆಂಡರ್

2019ರ ಜೂನ್‌ನಲ್ಲಿ 2022ರ ವಿಶ್ವಕಪ್ ಅರ್ಹತೆಯ ಮೊದಲ ಸುತ್ತು. ಭೂತಾನ್ ಥಿಂಪುವಿನಲ್ಲಿ ಗುವಾಮ್ ವಿರುದ್ಧ 1–0ಯಿಂದ ಗೆದ್ದಿತು. ಐದು ದಿನ ಬಿಟ್ಟು ಪೆಸಿಫಿಕ್ ಸಾಗರದ ಆ ದ್ವೀಪದಲ್ಲಿ 5–0ಯಿಂದ ಸೋತು ಹೊರಬಿತ್ತು. ಗೆದ್ದ ಗುವಾಮ್‌ಗೆ ಎಂಟು ಪಂದ್ಯಗಳು ಸಿಕ್ಕವು. ಭೂತಾನ್‌ಗೆ ಅಧಿಕೃತ ಪಂದ್ಯವೇ ಇಲ್ಲದಾಯಿತು. ಅದರ ಬೆನ್ನಿಗೆ ಕೊರೊನಾ ಬಂತು, 2021ರ ಮಾಲೆ ಸ್ಯಾಫ್ ಕೂಟಕ್ಕೂ ತಂಡ ಹೋಗಲಿಲ್ಲ. 2015ರಲ್ಲಿ ಇಪ್ಪತ್ತರ ಆಸುಪಾಸಿನಲ್ಲಿದ್ದ ಆಟಗಾರರ ಉತ್ತಮ ವರ್ಷಗಳು ಹೀಗೆ ಆಟವಿಲ್ಲದೆ ಕಳೆದುಹೋದವು.

2023ರ ಅಕ್ಟೋಬರ್‌ನಲ್ಲಿ, 2026ರ ವಿಶ್ವಕಪ್ ಅರ್ಹತೆಯ ಮೊದಲ ಸುತ್ತಿನಲ್ಲಿ, ಅದೇ ಕಥೆ ಇನ್ನಷ್ಟು ಕಟುವಾಗಿ ಮರುಕಳಿಸಿತು. ಹಾಂಗ್‌ಕಾಂಗ್‌ನಲ್ಲಿ ನಡೆದ ಮೊದಲ ಚರಣದಲ್ಲಿ 4–0 ಸೋಲು. ಅಕ್ಟೋಬರ್ 17ರಂದು ಥಿಂಪುವಿನಲ್ಲಿ ಭೂತಾನ್ 2–0ಯಿಂದ ಗೆದ್ದಿತು. ಎಂಟು ವರ್ಷಗಳ ಹಿಂದೆ ಏಳು ಗೋಲು ಹೊಡೆದಿದ್ದ ತಂಡದ ವಿರುದ್ಧ ಬಂದ ಈ ಗೆಲುವು, ನನ್ನ ಲೆಕ್ಕದಲ್ಲಿ, ಭೂತಾನ್‌ನ ಅತ್ಯುತ್ತಮ ಫಲಿತಾಂಶ. ಶ್ರೀಲಂಕಾ ವಿರುದ್ಧದ ಗೆಲುವಿಗಿಂತಲೂ ದೊಡ್ಡದು. ಒಟ್ಟು 4–2ರ ಅಂತರದಿಂದ ವಿಶ್ವಕಪ್ ಹಾದಿ ಅಲ್ಲಿಗೇ ಮುಗಿಯಿತು.

ಏಷ್ಯನ್ ಕಪ್‌ನ ಬಾಗಿಲು ಮಾತ್ರ ತೆರೆದಿತ್ತು. 2027ರ ಏಷ್ಯನ್ ಕಪ್ ಅರ್ಹತಾ ಸುತ್ತಿನಲ್ಲಿ ಲೆಬನಾನ್, ಯೆಮನ್, ಬ್ರೂನೈ ಇದ್ದ ನಾಲ್ಕು ತಂಡಗಳ ಗುಂಪಿನಲ್ಲಿ ಭೂತಾನ್‌ಗೆ ಸ್ಥಾನ ದೊರೆಯಿತು: ಆರು ಪಂದ್ಯ, ತವರಿನಲ್ಲಿ ಮೂರು, ಹೊರಗೆ ಮೂರು. 2025ರ ಮಾರ್ಚ್‌ನಲ್ಲಿ ಥಿಂಪುವಿನಲ್ಲಿ ನಡೆದ ಮೊದಲ ಪಂದ್ಯದಲ್ಲಿ ತಂಡ ಯೆಮನ್ ವಿರುದ್ಧ 0–0 ಡ್ರಾ ಮಾಡಿಕೊಂಡಿತು.

ವಿಶ್ವಕಪ್ ಅರ್ಹತೆಯ ಮೊದಲ ಸುತ್ತಿಗೂ ಇದೇ ರೂಪ ಕೊಡಬೇಕೆಂಬುದು ಈ ಪ್ರಕರಣದಿಂದ ಹೊರಡುವ ನನ್ನ ಬೇಡಿಕೆ. 2023ರ ಮೊದಲ ಸುತ್ತಿನಲ್ಲಿ ಏಷ್ಯಾದ ಕೆಳಗಿನ 20 ತಂಡಗಳನ್ನು ಹತ್ತು ಜೋಡಿಗಳಾಗಿ ಮಾಡಿ, ಐದು ದಿನಗಳ ಅಂತರದಲ್ಲಿ ಎರಡು ಪಂದ್ಯ ಆಡಿಸಿ, ಹತ್ತನ್ನು ಹೊರಗೆ ಕಳಿಸಲಾಯಿತು. ಅವೇ ಇಪ್ಪತ್ತು ತಂಡಗಳನ್ನು ನಾಲ್ಕು ನಾಲ್ಕರ ಐದು ಗುಂಪು ಮಾಡಿ, ಪ್ರತಿ ಗುಂಪಿನಿಂದ ಇಬ್ಬರನ್ನು ಮೇಲಕ್ಕೆ ಕಳಿಸಿದರೂ ಉಳಿಯುವ ಸಂಖ್ಯೆ ಅದೇ ಹತ್ತು. ಖರ್ಚು ಹೆಚ್ಚುತ್ತದೆ, ದಿನಗಳು ಹೆಚ್ಚು ಬೇಕಾಗುತ್ತವೆ. ಆ ಖರ್ಚನ್ನು ಭರಿಸುವ ಶಕ್ತಿ ಏಷ್ಯನ್ ಒಕ್ಕೂಟಕ್ಕೂ ಫಿಫಾಗೂ ಇದೆ. ಹಾಗೆ ಮಾಡಿದಲ್ಲಿ ಹೊರಬೀಳುವ ತಂಡವೂ ಆರು ಅಧಿಕೃತ ಪಂದ್ಯಗಳನ್ನು ಆಡಿಯೇ ಹೊರಬೀಳುತ್ತದೆ, ಅವುಗಳಲ್ಲಿ ಮೂರನ್ನು ಅದರ ಊರಿನ ಜನ ನೋಡಿರುತ್ತಾರೆ.